ಎಳೆಹಗ್ಗದ ಇನ್ನೊಂದು ತುದಿ

ಕ್ಯಾಪ್ಟನ್ನನ ಹಿಮ್ಮಡಿ ಅಕ್ಕನ ತೊಡೆಯ ಮೇಲಿತ್ತು. ಬ್ಲೇಡು ಅವಳ ಬೆರಳುಗಳ ನಡುವೆ ಇತ್ತು.

“ಮೆಲ್ಲಗೆ ಅಕ್ಕಾ,” ಎಂದ ಅವನು, ಮಡಚುವ ಕುರ್ಚಿಯಲ್ಲಿ ತಲೆ ಹಿಂದಕ್ಕೆ ಚೆಲ್ಲಿ, ಕಣ್ಣು ಮುಚ್ಚಿಕೊಂಡೇ. “ಆ ಕಾಲಲ್ಲಿ ಇನ್ನೊಂದು ಬೆಟ್ಟ ಹತ್ತೋದಿದೆ.”

“ಅಲುಗಾಡಬೇಡಿ. ಅಲುಗಾಡಿದ್ರೆ ಎಲ್ಲಿ ಕುಯ್ಯುತ್ತೋ ನನಗೂ ಗೊತ್ತಿಲ್ಲ.”

ಅವನು ನಕ್ಕ. ಅವಳು ನಗಲಿಲ್ಲ.

ಓಟ ಶುರುವಾದಾಗಿನಿಂದ ಪ್ರತಿ ಕ್ಯಾಂಪಿನಲ್ಲೂ ಈ ಕಾಲುಗಳನ್ನು ತೊಳೆದಿದ್ದಳು, ಒರೆಸಿದ್ದಳು, ಬೆರಳ ಸಂದಿಗೆ ಪುಡಿ ಉದುರಿಸಿ ಪಟ್ಟಿ ಸುತ್ತಿದ್ದಳು. ಪ್ರತಿ ಸಲವೂ ಒಂದೇ ಯೋಚನೆ. ನನ್ನ ತಮ್ಮನನ್ನು ಮಂಜಿನಲ್ಲಿ ಬಿಟ್ಟು ನಡೆದುಹೋದದ್ದು ಇದೇ ಕಾಲು.

ತಂಡದವರು ಬಾಯ್ತುಂಬ ‘ಅಕ್ಕಾ’ ಎನ್ನುತ್ತಿದ್ದರು. ಯಾರ ಅಕ್ಕ ಎಂದು ಕೇಳಿದವರಿಲ್ಲ. ಹೋದ ವರ್ಷ ಇದೇ ಓಟದಲ್ಲಿ, ಇದೇ ಬೆಟ್ಟದಲ್ಲಿ, ಇದೇ ತಂಡದಲ್ಲಿದ್ದು ಚಳಿಗೆ ಸತ್ತವನ ಅಕ್ಕ ಅಡುಗೆಯವಳಾಗಿ ತಮ್ಮ ನಡುವೆ ಬಂದು ಕೂತಿದ್ದಾಳೆಂಬುದು ಯಾರಿಗೂ ಗೊತ್ತಿರಲಿಲ್ಲ.

ಕಾಡು, ಹೊಳೆ, ಬೆಟ್ಟ ದಾಟುತ್ತ ದಿನಗಟ್ಟಲೆ ನಡೆಯುವ ಓಟ ಅದು. ತಂಡಕ್ಕೆ ನಾಲ್ವರು, ನಾಲ್ವರೂ ಒಟ್ಟಿಗೆ ತಲುಪಿದರೇ ಲೆಕ್ಕ. ಅವರು ಕಾಡಿನಿಂದ ಹೊರಬೀಳುವಷ್ಟರಲ್ಲಿ ಸಹಾಯಕರು ವ್ಯಾನಿನಲ್ಲಿ ಸುತ್ತುಬಳಸಿ ಮುಂದಿನ ಕ್ಯಾಂಪಿಗೆ ಬಂದು, ಡೇರೆ ಹೊಡೆದು, ಸೂಪು ಕಾಯಿಸಿ, ಒಣ ಕಾಲುಚೀಲ ಹರವಿಕೊಂಡು ಕಾದಿರಬೇಕು. ಕ್ಯಾಂಪಿನ ಆಚೆ ತುದಿಯಲ್ಲಿ ಸುಣ್ಣದ ಗೆರೆ. ಓಟಗಾರ ಅದನ್ನು ದಾಟಿದನೆಂದರೆ ಮುಗಿಯಿತು, ಸಹಾಯಕರು ಅವನಿಗೆ ಗುಟುಕು ನೀರನ್ನೂ ಕೊಡುವಂತಿಲ್ಲ.

ಬೆಟ್ಟಕ್ಕೆ ಹೋಗುವವರ ಚೀಲದಲ್ಲಿ ಬೆಳ್ಳಿ ಹೊದಿಕೆ ಇರಲೇಬೇಕು. ತಗಡಿನಂತೆ ಹೊಳೆಯುವ, ಕಾಗದದಷ್ಟು ತೆಳ್ಳಗಿನ ಹೊದಿಕೆ, ಮಡಚಿದರೆ ಅಂಗೈಯಗಲ. ಚಳಿಗೆ ಸಿಕ್ಕಿಬಿದ್ದವನು ಅದನ್ನು ಸುತ್ತಿಕೊಂಡರೆ ಬೆಳಗಿನ ತನಕ ಜೀವ ಹಿಡಿದುಕೊಳ್ಳಬಹುದು.

ತಮ್ಮನ ಚೀಲದಲ್ಲಿ ಅದು ಸಿಗಲಿಲ್ಲ. ಭಾರ ಇಳಿಸಲು ದಾರಿಯಲ್ಲಿ ಎಸೆದಿರಬೇಕು, ಅವನದೇ ತಪ್ಪು ಎಂದು ಹೇಳಿ ಎಲ್ಲರೂ ಕೈತೊಳೆದುಕೊಂಡರು. ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನೇ ಅರ್ಧಕ್ಕೆ ಕತ್ತರಿಸಿ ಭಾರ ಇಳಿಸುವ ಜನ ಇವರು. ಕೇಳಿದವರೂ ನಂಬಿದರು.

ಅಕ್ಕ ನಂಬಲಿಲ್ಲ. ಹೊರಡುವ ಮುಂಚೆ ಅವನು ಅದನ್ನು ಮನೆಯಲ್ಲೇ ಬಿಚ್ಚಿ ಮೈಗೆ ಸುತ್ತಿಕೊಂಡು, “ನೋಡೇ ಅಕ್ಕ, ಸುಡೋಕೆ ಇಟ್ಟಿರೋ ಆಲೂಗಡ್ಡೆ!” ಎಂದು ಅಡುಗೆಮನೆ ತುಂಬ ಕುಣಿದಿದ್ದ. ಬಾಗಿಲ ಮೊಳೆಗೆ ಸಿಕ್ಕಿ ಮೂಲೆ ಹರಿಯಿತು. ಅವಳು ಬೈಯುತ್ತಲೇ ಸೈಕಲ್ಲಿನ ಪಂಕ್ಚರ್ ಪಟ್ಟಿಯೊಂದನ್ನು ಕತ್ತರಿಸಿ ಅಲ್ಲಿಗೆ ಅಂಟಿಸಿಕೊಟ್ಟಿದ್ದಳು. ಕತ್ತರಿ ಜಾರಿ ಪಟ್ಟಿಯ ಒಂದು ಬದಿ ಚಪ್ಪಟೆಯಾಯಿತು. “ಚಂದ್ರನಿಗೆ ಯಾರೋ ಹೊಡೆದ ಹಾಗಿದೆ,” ಎಂದು ಅದನ್ನು ಎಲ್ಲರಿಗೂ ತೋರಿಸಿಕೊಂಡು ಬಂದಿದ್ದ. ಅಂಥದ್ದನ್ನು ಅವನು ಎಸೆಯುವವನೇ?

ಅದಕ್ಕೇ ಇವತ್ತು, ಊಟವಾದ ಮೇಲೆ ಕ್ಯಾಪ್ಟನ್ ಕುರ್ಚಿಯಲ್ಲೇ ಗೊರಕೆ ಹೊಡೆಯುತ್ತಿದ್ದಾಗ, ಅವಳು ಅವನ ಚೀಲದಿಂದ ಬೆಳ್ಳಿ ಹೊದಿಕೆಯನ್ನು ತೆಗೆದಳು. ಖಾಲಿ ಪೊಟ್ಟಣದೊಳಗೆ ಬಿಸ್ಕತ್ತಿನ ಹೊಳೆಯುವ ಕಾಗದಗಳನ್ನು ಮಡಚಿ ತುಂಬಿ, ಬಾಯಿ ಅಂಟಿಸಿ, ಇದ್ದಲ್ಲೇ ಇಟ್ಟಳು. ಗೆರೆಯ ಹತ್ತಿರ ತಪಾಸಣೆ ಮಾಡುವ ಸೀಟಿಯವನು ಪೊಟ್ಟಣವನ್ನು ಬೆರಳಿನಿಂದ ಒತ್ತಿ ನೋಡುತ್ತಾನೆಯೇ ಹೊರತು ಬಿಚ್ಚುವುದಿಲ್ಲ. ನಿಜವಾದ ಹೊದಿಕೆ ಈಗ ಟವೆಲ್ಲುಗಳ ಕೆಂಪು ಪೆಟ್ಟಿಗೆಯ ತಳದಲ್ಲಿತ್ತು.

ಮೇಲೆ ಮೋಡ ಇಳಿಯುತ್ತಿತ್ತು. ಇಳಿಯಲಿ. ಚಳಿ ಅಂದರೇನೆಂದು ಇವನಿಗೂ ಗೊತ್ತಾಗಲಿ. ಹಲ್ಲು ಕಟಕಟಿಸುವಾಗ ಪೊಟ್ಟಣ ಹರಿದು, ಬಿಸ್ಕತ್ತಿನ ಕಾಗದ ಕೈಗೆ ಬಂದಾಗ, ಇವನ ಮುಖ ಹೇಗಿರುತ್ತದೆಂದು ಅವಳು ಎಷ್ಟೋ ಸಲ ಕಲ್ಪಿಸಿಕೊಂಡಿದ್ದಳು. ಕಲ್ಪಿಸಿಕೊಂಡಾಗಲೆಲ್ಲ ನಿದ್ದೆ ಚೆನ್ನಾಗಿ ಬಂದಿತ್ತು.

“ಅಕ್ಕಾ, ಟವೆಲ್ ಎಲ್ಲಿ?”

ಡೇರೆಯ ಪರದೆ ಸರಿಸಿ ಒಳಗೆ ಬಂದದ್ದು ತಂಡಕ್ಕೆ ದಾರಿ ತೋರಿಸುವ ನಕ್ಷೆಯವನು. ಎಲ್ಲರೂ ಅವನನ್ನು ಮ್ಯಾಪು ಎನ್ನುತ್ತಿದ್ದರು.

“ಕೆಂಪು ಪೆಟ್ಟಿಗೇಲಿ. ಮೇಲಿಂದ ತಗೊಳ್ಳಿ, ಕೆದಕಬೇಡಿ.”

“ಕೆದಕೋಕೆ ನಾನೇನು ಕೋಳಿನಾ?”

ಪೆಟ್ಟಿಗೆ ಅವಳ ಬೆನ್ನ ಹಿಂದಿತ್ತು. ಮುಚ್ಚಳ ಕಿರ್ರೆಂದಿತು. ತಿರುಗಿ ನೋಡಬೇಕೆನಿಸಿದರೂ ಅವಳು ಹಿಮ್ಮಡಿಯಿಂದ ಕಣ್ಣು ತೆಗೆಯಲಿಲ್ಲ.

“ಮ್ಯಾಪೂ, ಮೋಡ ನೋಡಿದ್ಯಾ?” ಎಂದ ಕ್ಯಾಪ್ಟನ್. “ಬೇಕಾದ್ರೆ ನಿನಗೆ ಹಗ್ಗ ಹಾಕಿ ಎಳ್ಕೊಂಡು ಹೋಗ್ತೀನಿ.”

“ನನಗಾ? ಹುಟ್ಟಿದಾಗಿಂದ ಯಾರ ಬಾಲನೂ ಹಿಡಿದವನಲ್ಲ ನಾನು. ಗುಬ್ಬಿಗೆ ಹಾಕಿ, ಹೊಸಬಳು.”

“ಕೇಳಿಸ್ತು ಅಂಕಲ್!” ಹೊರಗಿನಿಂದ ಗುಬ್ಬಿಯ ದನಿ. ತಮ್ಮನ ಜಾಗಕ್ಕೆ ಈ ವರ್ಷ ಸೇರಿದ ಹುಡುಗಿ. “ಹೊಳೇಲಿ ವಾಂತಿ ಮಾಡ್ಕೊಂಡಿದ್ದು ನಾನಲ್ಲ ಆಯ್ತಾ?”

ವ್ಯಾನಿನ ಡ್ರೈವರ್ ಮಾವ ಗಹಗಹಿಸಿ ನಕ್ಕಿದ್ದು ಕೇಳಿಸಿತು. ಮ್ಯಾಪು ಮುಖ ಒರೆಸಿಕೊಳ್ಳುತ್ತ ಗೊಣಗುತ್ತ ಹೋದ.

ಅವನ ಹಿಂದೆಯೇ ತಂಡದ ನಾಲ್ಕನೆಯವಳು, ಡಾಕ್ಟ್ರಮ್ಮ ಬಂದಳು. ಹಳದಿ ಜಾಕೆಟ್ಟಿನ ಮೇಲೆ ಇನ್ನೊಂದು ಶಾಲು. ಕ್ಯಾಪ್ಟನ್ನನ ಅಂಗೈಗೆ ಮಾತ್ರೆ ಹಾಕಿ, ಅಕ್ಕನ ಭುಜ ಮುಟ್ಟಿದಳು.

“ನೀವು ಊಟ ಮಾಡಿದ್ರಾ ಅಕ್ಕ? ನಮ್ಮನ್ನೆಲ್ಲ ನೀವು ನೋಡ್ಕೋತೀರಿ. ನಿಮ್ಮನ್ನ ನೋಡ್ಕೊಳ್ಳೋರು ಯಾರು?”

ಈ ತಂಡದಲ್ಲಿ ಹೀಗೆ ಕೇಳುತ್ತಿದ್ದವಳು ಅವಳೊಬ್ಬಳೇ. “ಆಯ್ತು,” ಎಂದು ಅಕ್ಕ ಸುಳ್ಳು ಹೇಳಿದಳು.

“ಈ ಬೆಟ್ಟ ನೆನೆಸಿಕೊಂಡ್ರೆ ಈಗ್ಲೇ ನಡುಕ ಬರುತ್ತಪ್ಪ. ಒಂದು ಟವೆಲ್ ಕತ್ತಿಗೆ ಸುತ್ಕೋತೀನಿ.”

“ನಿಮಗೆ ಹಗ್ಗ ಬೇಕಾ ಡಾಕ್ಟ್ರೇ?” ಎಂದ ಕ್ಯಾಪ್ಟನ್.

“ಅಯ್ಯೋ, ನನಗೆ ಅದೆಲ್ಲ ಅಭ್ಯಾಸ ಇಲ್ಲ.”

ಮತ್ತೆ ಮುಚ್ಚಳ ಕಿರ್ರೆಂದಿತು. ಪರದೆ ಮುಚ್ಚಿಕೊಂಡಿತು.

ಈಗ ಇಬ್ಬರೇ. ಅಕ್ಕ ಹಿಮ್ಮಡಿಯ ಗುಳ್ಳೆಯನ್ನು ಸೀಳಿ, ನೀರು ಒತ್ತಿ ತೆಗೆದು, ಬ್ಲೇಡನ್ನು ಒರೆಸಿದಳು. ಕೆಳಗಿಡಲಿಲ್ಲ.

“ಹೋದ ವರ್ಷ ಈ ಬೆಟ್ಟದಲ್ಲಿ ಒಬ್ಬ ಹುಡುಗ ಸತ್ತನಂತೆ.”

ಕ್ಯಾಪ್ಟನ್ ಕಣ್ಣು ಬಿಟ್ಟ. “ಯಾರು ಹೇಳಿದ್ರು?”

“ಅವನ ಅಕ್ಕ.”

“ನಿಮಗೆ ಗೊತ್ತಾ ಅವರು?”

“ದಿನಾ ಕನ್ನಡಿಯಲ್ಲಿ ನೋಡ್ತೀನಿ.”

ಅವನ ಕಾಲು ತಟಕ್ಕನೆ ಹಿಂದಕ್ಕೆ ಜಗ್ಗಿತು. ಅವಳು ಬಿಡಲಿಲ್ಲ. ಪಾತ್ರೆ ಉಜ್ಜಿ, ಹೊರೆ ಹೊತ್ತು ಗಟ್ಟಿಯಾದ ಕೈ ಅದು. ಕಣಕಾಲನ್ನು ಇಕ್ಕಳದಂತೆ ಹಿಡಿಯಿತು.

“ಕೂತ್ಕೊಳ್ಳಿ. ಕೂಗಿದ್ರೆ ಮೊದಲು ನರ ಹೋಗುತ್ತೆ, ಆಮೇಲೆ ಓಟ.”

“ನೀವು... ಅವನು ಯಾವಾಗ್ಲೂ ಹೇಳ್ತಿದ್ದ, ನಮ್ಮಕ್ಕ ನಮ್ಮಕ್ಕ ಅಂತ...”

“ಅವನ ಬಾಯಲ್ಲಿ ಬಂದಿದ್ದನ್ನ ನೀವು ಹೇಳಬೇಡಿ.” ಅವಳ ದನಿ ಏರಲಿಲ್ಲ. ಅವಳ ದನಿ ಯಾವತ್ತೂ ಏರುವಂಥದ್ದಲ್ಲ. “ನನಗೆ ಒಂದೇ ಉತ್ತರ ಬೇಕು. ಸುಳ್ಳು ಯಾಕೆ ಹೇಳಿದ್ರಿ?”

“ಯಾವ ಸುಳ್ಳು?”

“ಗುಡಿಸಲು ಮುಟ್ಟೋ ತನಕ ಅವನು ನನ್ನ ಹಗ್ಗದಲ್ಲೇ ಇದ್ದ ಅಂದ್ರಲ್ಲ, ಅದು.”

ಸೋತವನನ್ನು ಗಟ್ಟಿಗ ಎಳೆದುಕೊಂಡು ಹೋಗುವುದು ಈ ಓಟದ ರೂಢಿ. ರಬ್ಬರಿನ ಎಳೆಹಗ್ಗದ ಒಂದು ತುದಿ ಎಳೆಯುವವನ ಬೆನ್ನುಚೀಲಕ್ಕೆ, ಇನ್ನೊಂದು ತುದಿಯ ಕೊಕ್ಕೆ ಹಿಂದಿನವನ ಸೊಂಟದ ಪಟ್ಟಿಗೆ. ಎಳೆಯುವವನು ತಿರುಗಿ ನೋಡಬಾರದು. ತಿರುಗಿದರೆ ಹೆಜ್ಜೆ ತಪ್ಪುತ್ತದೆ, ಇಬ್ಬರೂ ಉರುಳುತ್ತಾರೆ. ಬಿಗಿದ ಹಗ್ಗದ ಕೊಕ್ಕೆಯನ್ನು ಹಿಂದಿನವನು ಏರಿನಲ್ಲಿ ತಟ್ಟನೆ ಬಿಟ್ಟರೂ ಎಳೆಯುವವನು ಮುಗ್ಗರಿಸಿ ಬೀಳುತ್ತಾನೆ. ಹೋದ ವರ್ಷ ಎಳೆದವನು ಕ್ಯಾಪ್ಟನ್. ಹಿಂದೆ ಇದ್ದವನು ತಮ್ಮ. ಗುಡಿಸಲು ಬೆಟ್ಟದ ನೆತ್ತಿಯ ಮೇಲೆ. ಶವ ಸಿಕ್ಕಿದ್ದು ಬಹಳ ಕೆಳಗೆ, ದಾರಿಗಂಬದ ತಿರುವಿನಲ್ಲಿ.

“ನಾನು ಸುಳ್ಳು ಹೇಳಿಲ್ಲ,” ಎಂದ ಕ್ಯಾಪ್ಟನ್.

“ಸತ್ತವನು ಕೆಳಗೆ. ನಿಮ್ಮ ಹಗ್ಗ ಮೇಲೆ. ಮಧ್ಯದಲ್ಲಿ ಎಳ್ಕೊಂಡು ಹೋಗಿದ್ದು ಯಾರನ್ನ, ಅವನ ದೆವ್ವನಾ?”

“ಭಾರ ಇತ್ತಮ್ಮ!” ಅವನ ಗಂಟಲು ಒಡೆಯಿತು. “ನನ್ನ ಬೆನ್ನಿಗೆ ಭಾರ ಇತ್ತು. ಗುಡಿಸಲ ಬಾಗಿಲ ತನಕ ಇತ್ತು. ಬಾಗಿಲು ನೂಕಿ ತಿರುಗಿ ನೋಡಿದ್ರೆ ಹಗ್ಗ ನೆಲದ ಮೇಲೆ ಬಿದ್ದಿತ್ತು. ಮ್ಯಾಪು, ಡಾಕ್ಟ್ರು ಇಬ್ಬರೂ ನನ್ನ ತಳ್ಕೊಂಡು ಒಳಗೆ ನುಗ್ಗಿದ್ರು. ಇವನು ಬರಲಿಲ್ಲ. ಬಾಗಿಲ ಹತ್ರ ಕೊಕ್ಕೆ ಬಿಚ್ಕೊಂಡು ಮಂಜಿನಲ್ಲಿ ದಾರಿ ತಪ್ಪಿದ ಅನ್ಕೊಂಡ್ವಿ. ಗುಡಿಸಲ ಸುತ್ತ ಎಷ್ಟು ಹುಡುಕಿದೆ ಗೊತ್ತಾ ನಿಮಗೆ? ಉಗುರು ಕಿತ್ತು ಹೋಗೋ ತನಕ ಹುಡುಕಿದೆ.”

ಗುಡಿಸಲ ಸುತ್ತ. ತಮ್ಮ ಅಷ್ಟು ಹೊತ್ತೂ ಕೆಳಗಿನ ತಿರುವಿನಲ್ಲಿ ಕಾಯುತ್ತ ಕೂತಿದ್ದ.

ಅಕ್ಕ ಅವನ ಮುಖವನ್ನೇ ನೋಡಿದಳು. ಸುಳ್ಳು ಹೇಳುವ ಮುಖಗಳನ್ನು ಅವಳು ಬೇಕಾದಷ್ಟು ನೋಡಿದ್ದಳು. ಮಾತಾಡದೆ ಮೂಲೆಯಲ್ಲಿ ಕೂತವರ ಮುಂದೆ ಜನ ಮುಖ ಮುಚ್ಚಿಕೊಳ್ಳುವ ಗೋಜಿಗೆ ಹೋಗುವುದಿಲ್ಲ. ಇದು ಅಂಥ ಮುಖವಲ್ಲ. ಅದೇ ಅವಳಿಗೆ ಹೆದರಿಕೆ ಹುಟ್ಟಿಸಿತು.

“ಅವನ ಕಾಲು ಉಳುಕಿತ್ತಲ್ವಾ ಅವತ್ತು?”

“ಹೌದು. ಎಡಗಾಲು. ಅದಕ್ಕೇ ಹಗ್ಗ ಹಾಕಿದ್ದು.”

“ಕುಂಟೋರನ್ನ ಎಳೆದ್ರೆ ಬೆನ್ನಿಗೆ ಹೇಗಿರುತ್ತೆ?”

“ಜಗ್ಗುತ್ತೆ, ಸಡಿಲ ಆಗುತ್ತೆ. ಮತ್ತೆ ಜಗ್ಗುತ್ತೆ, ಸಡಿಲ ಆಗುತ್ತೆ. ಸೊಂಟ ಮುರಿದು ಕೈಗೆ ಬರುತ್ತೆ.”

“ಗುಡಿಸಲ ತನಕ ಹಾಗೇ ಇತ್ತಾ?”

ಕ್ಯಾಪ್ಟನ್ನನ ಕೈ ತಾನಾಗಿಯೇ ಬೆನ್ನ ಹಿಂದೆ ಹೋಗಿ, ಹಗ್ಗ ಕಟ್ಟುವ ಜಾಗವನ್ನು ಮುಟ್ಟಿತು.

“ಇಲ್ಲ,” ಎಂದ. “ಕಂಬದ ತಿರುವು ದಾಟಿದ ಮೇಲೆ... ನೂಲು ಹಿಡಿದ ಹಾಗೆ ಸಮ ಆಯ್ತು. ಕಾಲು ನೋವು ಕಡಿಮೆ ಆಯ್ತಲ್ಲ ಅಂತ ನನಗೆ ಖುಷಿ. ‘ಶಹಬ್ಬಾಸ್ ಮರಿ’ ಅಂದೆ. ಎರಡು ಸಲ ಅಂದೆ.”

“ಅವನು ಏನಂದ?”

“ಗಾಳಿ ಇತ್ತು. ಕೇಳಿಸಿಲ್ಲ ಅನ್ಕೊಂಡೆ.”

ಡೇರೆಯ ಬಟ್ಟೆ ಪಟಪಟನೆ ಬಡಿದುಕೊಂಡಿತು. ಕ್ಯಾಪ್ಟನ್ ಕುರ್ಚಿಯಿಂದ ಮುಂದಕ್ಕೆ ಬಾಗಿದ.

“ಹಾಗಾದ್ರೆ ನಾನು ಎಳೆದಿದ್ದು ಯಾರನ್ನ?”

ವರ್ಷವಿಡೀ ಮಸೆದಿಟ್ಟಿದ್ದ ಸಿಟ್ಟು, ಹಿಡಿಯಿಂದ ಕಳಚಿದ ಕೊಡಲಿಯಂತೆ, ಅಕ್ಕನ ಕೈತಪ್ಪಿ ಹಾರಿತು. ಆದರೆ ಬೀಳಲಿಲ್ಲ. ಬೇರೆ ಕುತ್ತಿಗೆ ಹುಡುಕುತ್ತಿತ್ತು. ಯಾರೋ ಸುಸ್ತಾದವರು, ಚಳಿಯಾದವರು, ಕುಂಟುವ ಹುಡುಗನ ಕೊಕ್ಕೆ ಬಿಚ್ಚಿ ತಮ್ಮ ಸೊಂಟಕ್ಕೆ ಹಾಕಿಕೊಂಡಿದ್ದರು. ಅವನ ಚೀಲದಿಂದ ಹೊದಿಕೆಯನ್ನೂ ತೆಗೆದುಕೊಂಡಿದ್ದರು. ಆಮೇಲೆ ಗುಡಿಸಲಿಗೆ ಬಂದು, ಎಲ್ಲರ ಜೊತೆ ನಿಂತು, ಅವನ ಹೆಸರು ಹಿಡಿದು ಕೂಗಿದ್ದರು.

“ಯಾರ ಭಾರ ಅಂತ ಗೊತ್ತಾಗಲಿಲ್ವಾ?”

“ಆ ಗಾಳಿಯಲ್ಲಿ ಭಾರ ಗೊತ್ತಾಗಲ್ಲ. ನಡಿಗೆ ಗೊತ್ತಾಗುತ್ತೆ. ಆ ನಡಿಗೆ ನನ್ನ ಬೆನ್ನಿಗೆ ಇನ್ನೂ ನೆನಪಿದೆ.” ಅವನು ಕಾಲುಚೀಲ ಎಳೆದುಕೊಂಡ. ಅವಳು ತಡೆಯಲಿಲ್ಲ. “ಗೆರೆ ದಾಟಿದ ತಕ್ಷಣ ಒಬ್ಬೊಬ್ಬರಿಗೇ ಹಗ್ಗ ಹಾಕ್ತೀನಿ. ಮೊದಲು ಮ್ಯಾಪು, ಆಮೇಲೆ ಡಾಕ್ಟ್ರು. ಗುರುತು ಸಿಕ್ಕಿದ್ರೆ ಕೈ ಎತ್ತುತ್ತೀನಿ. ಕೆಳಗಿಂದ ನೋಡ್ತಾ ಇರಿ.”

“ಆಮೇಲೆ?”

“ಮೇಲೆ ಗುಡಿಸಲಲ್ಲಿ ಈ ವರ್ಷ ಕಾವಲುಗಾರ ಇದ್ದಾನೆ, ವಾಕಿಟಾಕಿ ಇದೆ. ಪೊಲೀಸರನ್ನ ಕರೆಸೋಣ.”

“ಕರೆಸಿ.” ಅಕ್ಕ ಬ್ಲೇಡನ್ನು ಕಾಗದದಲ್ಲಿ ಸುತ್ತಿ ಸೆರಗಿಗೆ ಸಿಕ್ಕಿಸಿಕೊಂಡಳು. “ಆದ್ರೆ ಮೊದಲು ನನ್ನ ಮುಂದೆ ತಂದು ನಿಲ್ಲಿಸಿ. ಸ್ವಲ್ಪ ಹೊತ್ತು ಸಾಕು.”

ಹೊರಗೆ ತಟ್ಟೆಯ ಮೇಲೆ ಚಮಚ ಬಿದ್ದ ಸದ್ದು.

ಅವಳು ಪರದೆ ಸರಿಸಿ ನೋಡಿದಳು. ಯಾರೂ ಇಲ್ಲ. ಸ್ಟೂಲಿನ ಮೇಲೆ ಅರ್ಧ ಕುಡಿದ ಸೂಪು ಇನ್ನೂ ಹಬೆಯಾಡುತ್ತಿತ್ತು.

ಗೆರೆಯ ಕಡೆಯಿಂದ ಹೊರಡುವ ಸೀಟಿ ಕೇಳಿಸಿತು. ಕ್ಯಾಪ್ಟನ್ ಶೂ ಬಿಗಿದುಕೊಂಡು, “ಬರ್ತೀನಿ,” ಎಂದಷ್ಟೇ ಹೇಳಿ ಹೊರಬಿದ್ದ.

ಹೊದಿಕೆ!

ಅಕ್ಕ ಕೆಂಪು ಪೆಟ್ಟಿಗೆಯ ಮೇಲೆ ಬಿದ್ದಳು. ಟವೆಲ್ಲುಗಳನ್ನು ಎರಡೂ ಕೈಯಲ್ಲಿ ಬಾಚಿ ಹೊರಗೆಸೆದಳು. ತಳದಲ್ಲಿ ಬೆಳ್ಳಿ ಮಿನುಗಿತು. ಸದ್ಯ, ಇದೆ. ಎತ್ತಿಕೊಂಡು ಎರಡು ಹೆಜ್ಜೆ ಓಡಿ, ನಿಂತುಬಿಟ್ಟಳು.

ಅವಳು ಇಟ್ಟದ್ದು ಹೊಸದು. ಒಮ್ಮೆಯೂ ಬಿಚ್ಚದ್ದು, ಇಟ್ಟಿಗೆಯಂತೆ ಗಟ್ಟಿಯಾಗಿ ಮಡಚಿದ್ದು. ಕೈಯಲ್ಲಿದ್ದದ್ದು ಮೆತ್ತಗಿತ್ತು. ಯಾರೋ ಬಳಸಿ, ಒರಟಾಗಿ ಮಡಚಿದ್ದು. ಮಡಿಕೆಗಳಲ್ಲಿ ಒಣಗಿದ ಕೆಸರು.

ನೆಲದ ಮೇಲೆ ಕೂತು ಬಿಚ್ಚಿದಳು. ಒಂದು ಮೂಲೆ. ಇನ್ನೊಂದು. ಮೂರನೆಯ ಮೂಲೆಯಲ್ಲಿ ಪಂಕ್ಚರ್ ಪಟ್ಟಿ. ಒಂದು ಬದಿ ಚಪ್ಪಟೆಯಾದದ್ದು. ಯಾರೋ ಹೊಡೆದ ಚಂದ್ರ.

ಅಕ್ಕ ಅದನ್ನು ಮುಖಕ್ಕೆ ಒತ್ತಿಕೊಂಡಳು. ಅದರಲ್ಲಿ ಅವನ ವಾಸನೆ ಉಳಿದಿರಲಿಲ್ಲ. ಬೇರೆ ಯಾರದೋ ಚೀಲದ ವಾಸನೆ ಇತ್ತು.

ಅರ್ಥವಾಗಲು ಹೊತ್ತು ಹಿಡಿಯಲಿಲ್ಲ. ಹೋದ ವರ್ಷ ತಮ್ಮನಿಂದ ಕಿತ್ತುಕೊಂಡವರು ಇದನ್ನೇ ತಮ್ಮದೆಂದು ತಪಾಸಣೆಗೆ ತೋರಿಸುತ್ತ ಬಂದಿದ್ದರು. ಇವತ್ತು ಟವೆಲ್ ತೆಗೆಯುವಾಗ ಕೈಗೆ ಹೊಸದು ತಗುಲಿತು. ಮೋಡ ಇಳಿಯುತ್ತಿದೆ, ಹಳೆಯದು ಸವೆದಿದೆ. ಹೊಸದನ್ನು ಚೀಲಕ್ಕೆ ಹಾಕಿಕೊಂಡು ಹಳೆಯದನ್ನು ತಳಕ್ಕೆ ತಳ್ಳಿದರು. ಯಾರದ್ದೆಂದು ಯೋಚಿಸುವ ಗೋಜಿಗೂ ಹೋಗಿರಲಿಕ್ಕಿಲ್ಲ. ಇನ್ನೊಬ್ಬರ ಬಿಸುಪನ್ನು ತೆಗೆದುಕೊಂಡು ಅಭ್ಯಾಸವಾದ ಕೈ.

ಪೆಟ್ಟಿಗೆಗೆ ಕೈ ಹಾಕಿದವರು ಇಬ್ಬರೇ. ಇಬ್ಬರೂ ಕ್ಯಾಪ್ಟನ್ನನ ಜೊತೆ ಬೆಟ್ಟ ಹತ್ತುತ್ತಿದ್ದಾರೆ. ಕ್ಯಾಪ್ಟನ್ನನ ಚೀಲದಲ್ಲಿ ಬಿಸ್ಕತ್ತಿನ ಕಾಗದ. ಅದನ್ನು ಇಟ್ಟವಳು ತಾನು.

ಅವಳು ಓಡಿದಳು.

“ಏನಮ್ಮಾ, ಬೆಂಕಿ ಬಿತ್ತಾ?” ಎಂದು ಡ್ರೈವರ್ ಮಾವ ಬಕೆಟ್ಟು ಹಿಡಿದೇ ಹಿಂದೆ ಓಡಿಬಂದ.

ಗೆರೆಯ ಆಚೆ ಬೆಟ್ಟದ ಇಳಿಜಾರು ನೇರವಾಗಿ ಮೇಲೇರಿತ್ತು. ನಾಲ್ವರೂ ಕಾಣುತ್ತಿದ್ದರು. ಕ್ಯಾಪ್ಟನ್ ಮುಂದೆ, ಅವನ ಹಗ್ಗದಲ್ಲಿ ಕೆಂಪು ಜಾಕೆಟ್ಟಿನ ಮ್ಯಾಪು. ಪಕ್ಕದಲ್ಲಿ ಗುಬ್ಬಿ ಅವನನ್ನು ಅಣಕಿಸುತ್ತ ಕುಣಿಯುತ್ತಿದ್ದಳು. ಸ್ವಲ್ಪ ದೂರ ಎಳೆದು ಕ್ಯಾಪ್ಟನ್ ನಿಂತ. ಕೈ ಏಳಲಿಲ್ಲ. ಮ್ಯಾಪು ಕೊಕ್ಕೆ ಬಿಚ್ಚಿ ಪಕ್ಕಕ್ಕೆ ಸರಿದ.

“ನಿಲ್ಸಿ! ಅವರನ್ನ ನಿಲ್ಸಿ!”

ಸೀಟಿಯವನು ಕೈ ಅಡ್ಡ ಹಿಡಿದ. “ಗೆರೆ ಕಾಣಲ್ವಾ? ದಾಟಿದ್ರೆ ನಿಮ್ಮ ತಂಡ ಹೊರಗೆ.”

“ಹೊರಗೇ ಹಾಕಿ! ಕ್ಯಾಪ್ಟನ್ ಹತ್ರ ಬೆಳ್ಳಿ ಹೊದಿಕೆ ಇಲ್ಲ.”

“ಇದೆ ಕಣಮ್ಮ. ನಾನೇ ಒತ್ತಿ ನೋಡಿದೆ.”

“ಅದರೊಳಗೆ ಬಿಸ್ಕತ್ತಿನ ಕಾಗದ ಇರೋದು.”

“ನಿಮಗೆ ಹೇಗೆ ಗೊತ್ತು?”

ಡ್ರೈವರ್ ಮಾವ ಬಕೆಟ್ಟು ಕೆಳಗಿಟ್ಟು ಅವಳ ಮುಖವನ್ನೇ ನೋಡಿದ.

“ನಾನೇ ಇಟ್ಟಿದ್ದು,” ಎಂದಳು ಅಕ್ಕ. “ಅವರು ಸಾಯಲಿ ಅಂತ.”

ಸೀಟಿಯವನ ಅಡ್ಡಗೈ ಕೆಳಗಿಳಿಯಿತು. ಮರುಕ್ಷಣ ಎದೆ ಬಿರಿಯುವಂತೆ ಸೀಟಿ ಊದಿದ. ಗಾಳಿ ಬೆಟ್ಟದ ಕಡೆಯಿಂದಲೇ ಬೀಸುತ್ತಿತ್ತು. ಸದ್ದನ್ನು ಅವರ ಮುಖಕ್ಕೇ ವಾಪಸು ಎಸೆಯಿತು. ಅವನು ವಾಕಿಟಾಕಿಗಾಗಿ ಡೇರೆಯ ಕಡೆ ಓಡುತ್ತ ಕೂಗಿದ, “ಗುಡಿಸಲು ಮುಟ್ಟೋ ತನಕ ಅವರಿಗೆ ಯಾವ ಸುದ್ದೀನೂ ಹೋಗಲ್ಲ!”

ಅಕ್ಕ ಗೆರೆ ದಾಟಿ ಏರತೊಡಗಿದಳು. ಚಪ್ಪಲಿ ಜಾರಿತು, ಮಂಡಿ ಊರಿದಳು, ಎದ್ದಳು. ಮೇಲೆ ಹಳದಿ ಜಾಕೆಟ್ಟು ಬಾಗಿ, ಕೊಕ್ಕೆಯನ್ನು ಸೊಂಟಕ್ಕೆ ಹಾಕಿಕೊಂಡಿತು. ಹಗ್ಗ ಬಿಗಿಯಾಯಿತು. ಕ್ಯಾಪ್ಟನ್ ನಡೆದ. ಒಂದಿಷ್ಟು ಹೆಜ್ಜೆ, ಅಷ್ಟೇ. ನೂಲು ಹಿಡಿದಂತೆ ಸಮವಾದ ಹೆಜ್ಜೆಗಳು.

ಕ್ಯಾಪ್ಟನ್ ತಿರುಗಿ ನೋಡಲಿಲ್ಲ. ಅವನ ಬಲಗೈ ಮೆಲ್ಲನೆ ಮೇಲೆದ್ದಿತು.

ಮ್ಯಾಪು ಮತ್ತು ಗುಬ್ಬಿ ಆಗಲೇ ಮುಂದೆ ಹೋಗಿ ಮೋಡದೊಳಗೆ ಕರಗಿದ್ದರು.

ಹಗ್ಗದ ಇನ್ನೊಂದು ತುದಿಯಲ್ಲಿದ್ದವಳು ಆ ಕೈಯನ್ನು ನೋಡಿದಳು. ಆಮೇಲೆ ನಡೆಯುತ್ತಲೇ ಹಿಂದಕ್ಕೆ ತಿರುಗಿ, ಕೆಳಗೆ ಮಂಡಿಯೂರಿದ್ದ ಅಕ್ಕನನ್ನು ಕಂಡು, ಊಟ ಮಾಡಿದ್ರಾ ಎಂದು ಕೇಳುವಾಗಿನ ಅದೇ ಮುಖ ಮಾಡಿ, ತನ್ನ ಬಲಗೈಯನ್ನೂ ಅಷ್ಟೇ ಮೆಲ್ಲನೆ ಮೇಲೆತ್ತಿ ತೋರಿಸಿದಳು.

ಎಡಗೈ ಕೊಕ್ಕೆಯ ಮೇಲಿತ್ತು.